ಮೊದಲ ಜೀವ ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲೆ, ಕುಮಟೆ, ಶಿರಸಿ ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಆದರೂ ಪ್ರಶ್ನೆಗಳು ನಿಂತಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಳೇ ವಿದ್ಯಾರ್ಥಿಗಳ ಪತ್ರಗಳಲ್ಲಿ ಸುತ್ತಿ ಸುತ್ತಿ ಬರುವುದು ಇವೇ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲಿಗೆ ಸುಲಭದವು, ಆಮೇಲೆ ಕಠಿಣದವು.

## ತಳಪಾಯ

ಅಕ್ಕೋರೆ, ಸುತ್ತಿ ಬಳಸಿ ಬೇಡ. ಜೀವ ಹೇಗೆ ಹುಟ್ಟಿತು ಅಂತ ಗೊತ್ತಾಗಿದೆಯೋ ಇಲ್ಲವೋ?

ಪೂರ್ತಿ ಗೊತ್ತಾಗಿಲ್ಲ. ಆದರೆ ಏನೂ ಗೊತ್ತಿಲ್ಲ ಅನ್ನುವುದೂ ಸುಳ್ಳು. ಜೀವಕ್ಕೆ ಬೇಕಾದ ಸಾಮಾನು ಜೀವವಿಲ್ಲದ ಕಡೆಯೂ ತಯಾರಾಗುತ್ತದೆ ಎಂಬುದು ಖಾತ್ರಿಯಾಗಿದೆ. ಜೀವಕೋಶದ ಪೊರೆಯಂಥ ಪೊರೆ ನೀರಿನಲ್ಲಿ ತಾನಾಗಿ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಕಣ್ಣಾರೆ ನೋಡಿದ್ದಾರೆ. ಈ ಬಿಡಿ ಭಾಗಗಳೆಲ್ಲ ಒಂದೇ ಕಡೆ ಕೂಡಿ, ತಿಂದು, ಬೆಳೆದು, ತನ್ನಂಥದ್ದನ್ನೇ ಹಡೆಯುವ ವಸ್ತು ಆದದ್ದು ಹೇಗೆ ಎಂಬಲ್ಲಿ ಕೊಂಡಿ ಸಿಕ್ಕಿಲ್ಲ. ನೆನಪಿಡಬೇಕಾದ್ದು ಇಷ್ಟು: ನಿನ್ನೆ ಕಲ್ಲು, ಇವತ್ತು ಜೀವ ಎಂಬಂಥ ಒಂದು ದಿನ ಇದ್ದಿರಲಾರದು. ಮಾವಿನಮಿಡಿ ಯಾವ ಗಳಿಗೆಯಲ್ಲಿ ಹಣ್ಣಾಯಿತು ಅಂತ ಬೆರಳಿಟ್ಟು ತೋರಿಸಲಾಗುತ್ತದೆಯೇ? ಇದೂ ಹಾಗೆ, ಹಂತ ಹಂತವಾಗಿ ಬಲಿತದ್ದು.

ಕೊಳೆತ ಹಲಸಿನಲ್ಲಿ ಹುಳ ತಾನಾಗೇ ಹುಟ್ಟುತ್ತದೆ, ಗುಡುಗಿಗೆ ಅಣಬೆ ಏಳುತ್ತದೆ. ಮೊದಲ ಜೀವವೂ ಹಾಗೇ ಬಂತು ಅಂದರೆ ಮುಗೀತಲ್ಲ?

ಹಲಸಿನ ಹುಳ ನೊಣದ ಮೊಟ್ಟೆಯಿಂದ ಬಂದದ್ದು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೋ ರೆಡಿ ಮಾಂಸದ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಇದನ್ನು ತೋರಿಸಿದ. ಅಣಬೆಯ ಬೇರಿನಂಥ ಎಳೆಗಳು ಮೊದಲೇ ಮಣ್ಣಿನೊಳಗೆ ಹಬ್ಬಿರುತ್ತವೆ, ಮಳೆಯ ತೇವ ಸಿಕ್ಕಾಗ ಕೊಡೆ ಮೇಲೇಳುತ್ತದೆ. ಮೊದಲ ಮಳೆಗೆ ಒಣ ಗದ್ದೆಯಲ್ಲಿ ವಟಗುಟ್ಟುವ ಕಪ್ಪೆಯೂ ಬೇಸಿಗೆಯಿಡೀ ನೆಲದಡಿ ಕಾದು ಕೂತದ್ದೇ. 1860ರ ಸುಮಾರಿಗೆ ಲೂಯಿ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಕೊಳವೆಯ ಬುರುಡೆಯಲ್ಲಿ ಸಾರು ಕುದಿಸಿಟ್ಟ. ಧೂಳು ಕೊಳವೆಯ ಬಾಗಿನಲ್ಲೇ ಕೂತಿತು, ಸಾರು ಕೆಡಲಿಲ್ಲ. ಹಾಗಾಗಿ ಇಂದಿನ ಜೀವವೆಲ್ಲ ಹಿಂದಿನ ಜೀವದಿಂದ ಬಂದದ್ದು ಎಂಬುದು ಸ್ಥಿರವಾಯಿತು.

ಹಾಗಾದರೆ ಪಾಶ್ಚರ್ ಪ್ರಕಾರ ಮೊದಲನೆಯದೂ ಹುಟ್ಟುವ ಹಾಗಿಲ್ಲವಲ್ಲ? ಈಗಲೂ ಯಾಕೆ ಹೊಸದಾಗಿ ಹುಟ್ಟುವುದಿಲ್ಲ?

ಪಾಶ್ಚರ್ ತೋರಿಸಿದ್ದು ಒಂದು ಬುರುಡೆಯ ಸಾರಿನ ಸಂಗತಿ. ಆದಿ ಭೂಮಿಗೆ ಇದ್ದದ್ದು ಇಡೀ ಸಮುದ್ರ, ಜ್ವಾಲಾಮುಖಿ, ಕೋಟಿಗಟ್ಟಲೆ ವರ್ಷ. ಜೊತೆಗೆ, ಹೊಸದಾಗಿ ಆದ ಇಂಥ ಅಣುಗಳನ್ನು ಕೆಡಿಸುವ ಆಮ್ಲಜನಕ ಆಗಿನ ಗಾಳಿಯಲ್ಲಿ ಇರಲಿಲ್ಲ. ಈಗ ಹೊಸದಾಗಿ ಹುಟ್ಟದಿರುವುದಕ್ಕೆ ಕಾರಣವನ್ನು ಡಾರ್ವಿನ್ 1871ರಲ್ಲಿ ಗೆಳೆಯ ಜೋಸೆಫ್ ಹೂಕರ್‌ಗೆ ಬರೆದ ಪತ್ರದಲ್ಲೇ ಹೇಳಿದ್ದ: ಬೆಚ್ಚಗಿನ ಸಣ್ಣ ಹೊಂಡದಲ್ಲಿ ಜೀವಕ್ಕೆ ದಾರಿಯಾಗುವ ವಸ್ತು ಈಗ ತಯಾರಾದರೆ ಇರುವ ಜೀವಿಗಳೇ ಅದನ್ನು ತಕ್ಷಣ ತಿಂದು ಮುಗಿಸುತ್ತವೆ. ದೋಸೆ ಹಿಟ್ಟನ್ನು ಒಂದು ರಾತ್ರಿ ಹೊರಗಿಟ್ಟು ನೋಡಿದವರಿಗೆ ಬೇರೆ ಪುರಾವೆ ಬೇಡ.

ಭೂಮಿಗೆ ಎಷ್ಟು ವಯಸ್ಸು, ಜೀವಕ್ಕೆ ಎಷ್ಟು?

ಭೂಮಿಗೆ ಸುಮಾರು 454 ಕೋಟಿ ವರ್ಷ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸವನ್ನು ಅಳೆದು ಹೇಳಿದ ಲೆಕ್ಕ ಇಂದಿಗೂ ಹೆಚ್ಚು ಅಲುಗಿಲ್ಲ. ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆ ಎಂಬುದರಿಂದ ವಯಸ್ಸು ಸಿಗುತ್ತದೆ. ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳಲ್ಲಿ ಅತಿ ಹಳೆಯವು 440 ಕೋಟಿ ವರ್ಷದವು. ಆಗಲೇ ಭೂಮಿಯ ಮೇಲೆ ನೀರಿತ್ತು ಎಂಬ ಸುಳಿವು ಅವುಗಳಲ್ಲಿದೆ.

ಜೀವದ ಗಟ್ಟಿ ಕುರುಹು ಅದೇ ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾದಲ್ಲಿ, 348 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್‌ಗಳಲ್ಲಿದೆ. ಸೂಕ್ಷ್ಮಜೀವಿಗಳ ಲೋಳೆ ಪದರದ ಮೇಲೆ ಕೆಸರು ಕೂತು, ಅದರ ಮೇಲೆ ಮತ್ತೆ ಲೋಳೆ ಬೆಳೆದು, ಪದರ ಪದರವಾಗಿ ಕಲ್ಲಾದದ್ದು ಅದು. ಗ್ರೀನ್‌ಲ್ಯಾಂಡಿನ 370 ಕೋಟಿ ವರ್ಷದ ಕಲ್ಲಿನಲ್ಲಿ ಇಂಥದ್ದೇ ಸಿಕ್ಕಿತೆಂದು 2016ರಲ್ಲಿ ಹೇಳಿದರು. ಎರಡು ವರ್ಷದೊಳಗೆ ಬೇರೆಯವರು ಹೋಗಿ ನೋಡಿ, ಇದು ಒತ್ತಡಕ್ಕೆ ಮಡಚಿದ ಕಲ್ಲು ಅಷ್ಟೇ ಅಂದರು. ಆ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಇಂದಿನ ಜೀವಿಗಳ ಜೀನುಗಳನ್ನು ಹೋಲಿಸಿ, ಎಲ್ಲರಿಗೂ ಸಮಾನವಾದ ಮೂಲ ಪೂರ್ವಜ 420 ಕೋಟಿ ವರ್ಷದ ಹಿಂದೆಯೇ ಇತ್ತೆಂದು 2024ರ ಒಂದು ಅಧ್ಯಯನ ಅಂದಾಜು ಮಾಡಿದೆ. ಆ ಲೆಕ್ಕ ಸರಿಯಾದರೆ, ಭೂಮಿ ತಣಿದ ಸ್ವಲ್ಪದರಲ್ಲೇ ಜೀವವೂ ಬಂತು.

ನಮ್ಮ ಜಿಲ್ಲೆಯಲ್ಲಿ ಆ ಕಾಲದ್ದು ಏನಾದರೂ ಉಳಿದಿದೆಯೇ? ಯಾಣದ ಕಲ್ಲು ಎಷ್ಟು ಹಳೇದು?

ಈ ಪ್ರಶ್ನೆ ಬಂದಾಗ ನನಗೆ ಬೇಗ ಮಾತು ನಿಲ್ಲಿಸಲಿಕ್ಕಾಗುವುದಿಲ್ಲ. ಕಾರವಾರದ ಸುತ್ತಲಿನ ತಳಬಂಡೆ ಸುಮಾರು 320 ಕೋಟಿ ವರ್ಷದ್ದು. ನಾವು ಮೀನು ಒಣಗಿಸುವ ಬಂಡೆಯ ಕೆಳಗೆ, ಜಗತ್ತಿನಲ್ಲಿ ಸೂಕ್ಷ್ಮಜೀವಿ ಬಿಟ್ಟರೆ ಬೇರೆ ಯಾರೂ ಇಲ್ಲದ ಕಾಲದ ಕಲ್ಲು ಕೂತಿದೆ.

"ರೊಕ್ಕಿದ್ದವರು ಗೋಕರ್ಣಕ್ಕೆ, ಸೊಕ್ಕಿದ್ದವರು ಯಾಣಕ್ಕೆ" ಅನ್ನುತ್ತಿದ್ದ ಕಾಲದಲ್ಲಿ, ದಾರಿ ಸರಿಯಿಲ್ಲದಾಗಲೇ ನಾನು ಮಕ್ಕಳನ್ನು ಕಟ್ಟಿಕೊಂಡು ಯಾಣ ಹತ್ತಿದ್ದೇನೆ. ಭಸ್ಮಾಸುರ ಉರಿದು ಬೂದಿಯಾದ್ದರಿಂದ ಅಲ್ಲಿಯ ಮಣ್ಣು ಕಪ್ಪು ಎಂಬ ಕಥೆಯನ್ನು ಪ್ರತಿಸಲವೂ ಯಾರಾದರೊಬ್ಬರು ಹೇಳೇ ಹೇಳುತ್ತಾರೆ, ಹೇಳಬೇಕು ಕೂಡ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಸುಣ್ಣಕಲ್ಲಿನದು. ಧಾರವಾಡ ಶಿಲಾಸ್ತೋಮ ಎಂದು ಭೂವಿಜ್ಞಾನಿಗಳು ಕರೆಯುವ, 250 ಕೋಟಿ ವರ್ಷಕ್ಕೂ ಹಳೆಯ ಕಲ್ಲಿನ ಬಳಗ ಅದು. ಅದೇ ಬಳಗದ ಸುಣ್ಣಕಲ್ಲಿನಲ್ಲಿ ಚಿತ್ರದುರ್ಗದ ಕಡೆ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ.

ಬೇಲೇಕೇರಿ ಬಂದರಿನಲ್ಲಿ ಒಂದು ಕಾಲಕ್ಕೆ ಗುಡ್ಡದಂತೆ ರಾಶಿ ಬಿದ್ದಿದ್ದ ಬಳ್ಳಾರಿಯ ಅದಿರು ನೆನಪಿದೆಯೇ? ಅದೂ ಇದೇ ಕಥೆಯ ತುಣುಕು. ಆದಿ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿತ್ತು. ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡತೊಡಗಿದ ಮೇಲೆ ಬಹುಪಾಲು ತುಕ್ಕಾಗಿ ತಳಕ್ಕೆ ಕೂತು ಪದರ ಕಟ್ಟಿತು. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು 240 ಕೋಟಿ ವರ್ಷದ ಹಿಂದಿನಿಂದ ಈಚೆಗೆ.

ಅದಕ್ಕೂ ಹಿಂದಿನ ಲೋಕ ಹೇಗಿತ್ತು ಎಂದು ಮೂಗಿನಿಂದ ತಿಳಿಯಬೇಕಾದರೆ ಅಘನಾಶಿನಿ ನದಿಯ ಗಜನಿಗೆ, ಅಂದರೆ ಭರತದ ಉಪ್ಪುನೀರು ನುಗ್ಗುವ ಗದ್ದೆಗೆ, ಇಳಿಯಿರಿ. ಇಳಿತದ ಹೊತ್ತಿಗೆ ಕಾಲು ಮೊಣಕಾಲಿನವರೆಗೆ ಹೂತು ಮೇಲೆತ್ತಿದರೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಬಳಚು ಹೆಕ್ಕುವ ಹೆಂಗಸರಿಗೆ ಅದು ದಿನನಿತ್ಯದ್ದು. ಆ ಕೆಸರಿನೊಳಗಿರುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಡ, ಅವು ಸಲ್ಫೇಟ್ ಉಸಿರಾಡಿ ಗಂಧಕದ ಅನಿಲ ಬಿಡುತ್ತವೆ. ಭೂಮಿಯ ಅರ್ಧದಷ್ಟು ಚರಿತ್ರೆ ಇಂಥವರದೇ.

## ಎಲ್ಲಿ, ಹೇಗೆ: ಮುಖ್ಯ ವಾದಗಳು

"ಆದಿ ಸಾರು" ಅಂತ ಪಾಠದಲ್ಲಿತ್ತು. ಆ ಸಾರು ಮಾಡಿ ನೋಡಿದವರು ಯಾರು?

ವಾದ ಮಂಡಿಸಿದವರು ರಷ್ಯದ ಒಪಾರಿನ್ (1924) ಮತ್ತು ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್ (1929). ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮಾಡಿ ನೋಡಿದವನು ಸ್ಟ್ಯಾನ್ಲಿ ಮಿಲ್ಲರ್, ಹೆರಾಲ್ಡ್ ಯೂರಿಯ ಶಿಷ್ಯ. ಒಂದು ಗಾಜಿನ ಬುರುಡೆಯಲ್ಲಿ ನೀರು ಕುದಿಯುತ್ತದೆ, ಇನ್ನೊಂದರಲ್ಲಿ ಮೀಥೇನ್, ಅಮೋನಿಯ, ಜಲಜನಕ. ಆ ಅನಿಲಗಳ ನಡುವೆ ಮಿಂಚಿನ ಬದಲು ವಿದ್ಯುತ್ ಕಿಡಿ. ಕೆಲವೇ ದಿನಕ್ಕೆ ನೀರು ಕೆಂಪು-ಕಂದು ಬಣ್ಣಕ್ಕೆ ತಿರುಗಿತು, ಅದರಲ್ಲಿ ಗ್ಲೈಸಿನ್, ಅಲನಿನ್ ಎಂಬ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಕೊಂಡಿಗಳು, ಸಿಕ್ಕವು. 1953ರಲ್ಲಿ ಇದು ಪ್ರಕಟವಾಯಿತು.

ಆದಿ ಭೂಮಿಯ ಗಾಳಿ ಅಷ್ಟು ಜಲಜನಕ ತುಂಬಿದ್ದಲ್ಲ, ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಎಂಬ ಆಕ್ಷೇಪ ಆಮೇಲೆ ಬಂತು. ನ್ಯಾಯವಾದ ಆಕ್ಷೇಪವೇ. ಆದರೂ ಜ್ವಾಲಾಮುಖಿಯ ಬಾಯಲ್ಲಿ ಅಂಥ ಗಾಳಿ ಇದ್ದಿರಬಹುದು. ಮಿಲ್ಲರ್ ತೀರಿಕೊಂಡ ಮೇಲೆ ಅವನು ಎತ್ತಿಟ್ಟಿದ್ದ ಹಳೇ ಸೀಸೆಗಳನ್ನು 2008ರಲ್ಲಿ ಹೊಸ ಯಂತ್ರದಿಂದ ಪರೀಕ್ಷಿಸಿದಾಗ ಜ್ವಾಲಾಮುಖಿಯ ಮಾದರಿಯೊಂದರಲ್ಲೇ 22 ಅಮೈನೋ ಆಮ್ಲ ಸಿಕ್ಕವು. ಐವತ್ತು ವರ್ಷ ಮುಚ್ಚಳ ತೆಗೆಯದೆ ಜೋಪಾನ ಮಾಡಿದ ಆ ಸೀಸೆಗಳ ಬಗ್ಗೆ ಹೇಳುವಾಗ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಜೀವ ಹುಟ್ಟಿದ್ದು ಸಮುದ್ರದಲ್ಲೋ, ಹೊಂಡದಲ್ಲೋ? ಸಮುದ್ರ ಅಂತಲೇ ಎಲ್ಲರೂ ಹೇಳ್ತಾರಲ್ಲ?

ಸಮುದ್ರಕ್ಕೆ ಎರಡು ತೊಡಕು. ಎರಡನ್ನೂ ನಮ್ಮ ಕರಾವಳಿಯಲ್ಲೇ ತೋರಿಸಬಹುದು.

ಒಂದನೆಯದು, ತೆಳುವಾಗುವ ತೊಡಕು. ಜೀವದ ಸರಪಳಿಗಳನ್ನು ಕಟ್ಟಬೇಕಾದರೆ ಎರಡು ಕೊಂಡಿ ಸೇರುವಾಗೆಲ್ಲ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತಲೂ ನೀರೇ ನೀರು ಇದ್ದಾಗ ನೀರನ್ನು ಹೊರಹಾಕುವುದು ಕಷ್ಟ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ. ಕಡಲ ನೀರನ್ನು ಕಟ್ಟಿ ನಿಲ್ಲಿಸುತ್ತಾರೆ, ಬಿಸಿಲಿಗೆ ಅದು ದಪ್ಪವಾಗುತ್ತದೆ, ಕೊನೆಗೆ ಹರಳು ಕಟ್ಟುತ್ತದೆ. ಕಡಲಲ್ಲಿ ಎಂದೂ ಹರಳಾಗದ ಉಪ್ಪು ಮಡಿಯಲ್ಲಿ ಆಗುವುದು ನೀರು ಆರಿದ್ದರಿಂದ. ಹಾಗೆಯೇ ಜ್ವಾಲಾಮುಖಿ ದ್ವೀಪದ ಬಿಸಿನೀರಿನ ಹೊಂಡ ಒಣಗಿ, ತೊಯ್ದು, ಮತ್ತೆ ಒಣಗುವಾಗ ಅಂಚಿನಲ್ಲಿ ಅಣುಗಳು ಒತ್ತೊತ್ತಾಗಿ ಕೂತು ಸರಪಳಿಯಾಗುತ್ತವೆ ಎಂಬುದು ಡೇವಿಡ್ ಡೀಮರ್ ಮತ್ತು ಬ್ರೂಸ್ ಡೇಮರ್ ಮುಂದಿಟ್ಟ ವಾದ. ಪ್ರಯೋಗಾಲಯದಲ್ಲಿ ಹೀಗೆ ಒಣಗಿಸಿ ತೋಯಿಸಿದಾಗ ಡಿಎನ್‌ಎಯ ಹತ್ತಿರದ ಬಂಧುವಾದ ಆರ್‌ಎನ್‌ಎಯಂಥ ಉದ್ದ ಎಳೆಗಳು ಸಿಕ್ಕಿವೆ.

ಎರಡನೆಯದು ಪೊರೆಯ ತೊಡಕು. ಆದಿಯ ಪೊರೆ ಕೊಬ್ಬಿನ ಆಮ್ಲಗಳದ್ದಾಗಿರಬೇಕು, ಅಂದರೆ ಸಾಬೂನಿನ ಹತ್ತಿರದ ನಂಟ. ಕಡಲ ದಂಡೆಯ ಊರಿನ ನನ್ನೊಬ್ಬ ವಿದ್ಯಾರ್ಥಿನಿ ಏಪ್ರಿಲ್ ತಿಂಗಳಲ್ಲಿ ಎರಡು ಬಾಟಲಿ ತಂದಿದ್ದಳು. ಒಂದರಲ್ಲಿ ಅವರ ಮನೆಯ ಸವಳು ಬಾವಿಯ ನೀರು, ಇನ್ನೊಂದರಲ್ಲಿ ಘಟ್ಟದ ಮೇಲಿನ ಅಜ್ಜಿಮನೆಯ ಅಬ್ಬಿ ನೀರು. ಎರಡಕ್ಕೂ ಸಾಬೂನಿನ ಚೂರು ಹಾಕಿ ಕುಲುಕಿದೆವು. ಅಬ್ಬಿ ನೀರಿನಲ್ಲಿ ನೊರೆ ಬಾಟಲಿಯ ಕುತ್ತಿಗೆಯವರೆಗೂ ಬಂತು. ಸವಳು ನೀರಿನಲ್ಲಿ ಬಿಳಿ ಗಸಿ ಮಾತ್ರ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿಗೆ ಅಂಟಿ ಅದನ್ನು ಕೆಡಿಸುತ್ತವೆ. ಕಡಲ ನೀರಿನಲ್ಲಿ ಕೊಬ್ಬಿನ ಆಮ್ಲದ ಪೊರೆಗೂ ಇದೇ ಗತಿ. ಸಿಹಿನೀರಿನಲ್ಲಿ ಅದು ಸಣ್ಣ ಸಣ್ಣ ಚೀಲಗಳಾಗಿ ತಾನೇ ಮುಚ್ಚಿಕೊಳ್ಳುತ್ತದೆ. ನನ್ನ ಒಲವು ಹೊಂಡದ ಕಡೆಗೇ ಇದೆ, ಮುಚ್ಚುಮರೆ ಮಾಡುವುದಿಲ್ಲ.

ಸಮುದ್ರದ ತಳದಲ್ಲಿ ಹೊಗೆ ಉಗುಳುವ ಚಿಮಣಿ ಇವೆಯಂತೆ, ಅಲ್ಲೇ ಜೀವ ಹುಟ್ಟಿತು ಅಂತ ನನ್ನ ಮಗ ವಾದ ಮಾಡ್ತಾನೆ.

ಮಗನ ವಾದಕ್ಕೂ ಬಲವಿದೆ. 1977ರಲ್ಲಿ ಗಲಾಪಗೋಸ್ ಹತ್ತಿರ ಆಲ್ವಿನ್ ಎಂಬ ಜಲಾಂತರ್ನೌಕೆ ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರಿನ ಊಟೆಗಳನ್ನು ಕಂಡಿತು. ಬಿಸಿಲೇ ಕಾಣದ ಅಲ್ಲಿ ಜೀವಿಗಳು ಕಿಕ್ಕಿರಿದಿದ್ದವು. 2000ದಲ್ಲಿ ಅಟ್ಲಾಂಟಿಕ್ ನಡುವೆ ಸಿಕ್ಕ "ಲಾಸ್ಟ್ ಸಿಟಿ" ಇನ್ನೂ ಮುಖ್ಯ. ಅಲ್ಲಿ ನೀರು 40ರಿಂದ 90 ಡಿಗ್ರಿ ಬಿಸಿ, ಗುಣದಲ್ಲಿ ಕ್ಷಾರ. 60 ಮೀಟರ್ ಎತ್ತರದ ಬಿಳಿ ಗೋಪುರಗಳಲ್ಲಿ ಜೇನುಗೂಡಿನಂತೆ ಸೂಕ್ಷ್ಮ ರಂಧ್ರಗಳು.

ಇದರ ಮಹತ್ವ ತಿಳಿಯಲು ಕಾಳಿ ನದಿಯ ಕದ್ರಾ ಅಣೆಕಟ್ಟನ್ನು ನೆನೆಯಿರಿ. ಒಂದು ಕಡೆ ನೀರು ಎತ್ತರ, ಇನ್ನೊಂದು ಕಡೆ ತಗ್ಗು. ಆ ವ್ಯತ್ಯಾಸವೇ ಟರ್ಬೈನು ತಿರುಗಿಸುತ್ತದೆ. ನಮ್ಮ ಜೀವಕೋಶಗಳೊಳಗೂ ಒಂದು ಪೊರೆಯ ಒಂದು ಕಡೆ ಪ್ರೋಟಾನು ಹೆಚ್ಚು, ಇನ್ನೊಂದು ಕಡೆ ಕಡಿಮೆ. ಪ್ರೋಟಾನು ಇಳಿಯುವಾಗ ಒಂದು ಪುಟ್ಟ ಪ್ರೋಟೀನ್ ಚಕ್ರ ನಿಜವಾಗಿಯೂ ತಿರುಗುತ್ತದೆ, ಶಕ್ತಿಯ ಅಣು ತಯಾರಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಪ್ರೋಟಾನಿನ ಈ ಇಳಿಜಾರಿನ ಮಾತು ಹೇಳಿದಾಗ ಹಲವರು ಒಪ್ಪಲಿಲ್ಲ, 1978ರಲ್ಲಿ ನೊಬೆಲ್ ಬಂತು. ಆಮ್ಲದಲ್ಲಿ ಪ್ರೋಟಾನು ಹೆಚ್ಚು, ಕ್ಷಾರದಲ್ಲಿ ಕಡಿಮೆ. ಹಾಗಾಗಿ ಕ್ಷಾರದ ಊಟೆ ಆದಿಯ ಆಮ್ಲೀಯ ಕಡಲನ್ನು ಸಂಧಿಸುವ ರಂಧ್ರದ ಗೋಡೆಯಲ್ಲಿ ಇದೇ ಇಳಿಜಾರು ಪುಕ್ಕಟೆಯಾಗಿ ಸಿಗುತ್ತದೆ. ಮೈಕೆಲ್ ರಸೆಲ್, ವಿಲಿಯಂ ಮಾರ್ಟಿನ್, ನಿಕ್ ಲೇನ್ ಈ ಪಕ್ಷದವರು. ಉದ್ದ ಸರಪಳಿ ಅಷ್ಟು ನೀರಿನಲ್ಲಿ ಉಳಿಯುವುದು ಹೇಗೆ ಎಂಬುದಕ್ಕೆ ಅವರಿನ್ನೂ ಸಮಾಧಾನದ ಉತ್ತರ ಕೊಟ್ಟಿಲ್ಲ.

ಬೇರೆ ಗ್ರಹದಿಂದ, ಉಲ್ಕೆಯ ಮೇಲೆ ಕೂತು ಬಂತು ಅನ್ನೋದು ನಿಜವೇ? ಇಸ್ರೋದವರೂ ಹಾಗೇ ಹೇಳಿದ್ದರಲ್ಲ?

ಇದರಲ್ಲಿ ಎರಡು ಮಾತು ಬೆರೆತಿವೆ. ಜೀವವೇ ಬಂತು ಎನ್ನುವುದು ಒಂದು, ಜೀವದ ಸಾಮಾನು ಬಂತು ಎನ್ನುವುದು ಇನ್ನೊಂದು.

ಜೀವವೇ ಬಂತು ಎಂಬುದನ್ನು ಸ್ವೀಡನ್ನಿನ ಅರ್ಹೇನಿಯಸ್ 1903ರಲ್ಲಿ ಹೇಳಿದ. ಮುಂದೆ ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಎತ್ತಿ ಹಿಡಿದರು. ಜಯಂತ ನಾರ್ಳೀಕರ್ ಮುಂದಾಳತ್ವದಲ್ಲಿ ಇಸ್ರೋ 2001 ಮತ್ತು 2005ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ತಂದಿತು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಜಾತಿ ಸಿಕ್ಕವೆಂದು 2009ರಲ್ಲಿ ಪ್ರಕಟಿಸಿದರು. ಒಂದಕ್ಕೆ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೋ, ಒಂದಕ್ಕೆ ಆರ್ಯಭಟ. ಆದರೆ ಅವು ಭೂಮಿಯ ಬ್ಯಾಕ್ಟೀರಿಯಾಗಳ ಹತ್ತಿರದ ಬಂಧುಗಳೇ. ಹೊರಗಿನಿಂದ ಬಂದವು ಎಂದು ಇದರಿಂದ ಖಚಿತವಾಗುವುದಿಲ್ಲ ಅಂತ ಇಸ್ರೋವೇ ಹೇಳಿತ್ತು. ಪತ್ರಿಕೆಯ ತಲೆಬರಹ ಓದಿದವರಿಗೆ ಆ ಸಾಲು ತಪ್ಪಿಹೋಗಿದೆ. ಅದೂ ಅಲ್ಲದೆ, ಬೇರೆಡೆಯಿಂದ ಬಂತು ಅಂದರೆ ಅಲ್ಲಿ ಹೇಗೆ ಹುಟ್ಟಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಸಾಮಾನು ಬಂತು ಎಂಬುದು ಮಾತ್ರ ಗಟ್ಟಿ. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲ ಇದ್ದವು. ನಾಸಾದ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ 121.6 ಗ್ರಾಂ ಪುಡಿ ತಂದಿತು. ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ-ಆರ್‌ಎನ್‌ಎಗಳ ಐದೂ ಅಕ್ಷರಗಳು ಅದರಲ್ಲಿ ಸಿಕ್ಕವೆಂದು 2025ರ ಜನವರಿಯಲ್ಲಿ ತಿಳಿಸಿದರು. ಜೊತೆಗೆ ಸಿಕ್ಕದ್ದು ಉಪ್ಪಿನ ಹರಳು. ಬೆನ್ನುವಿನ ತಾಯಿಕಲ್ಲಿನೊಳಗೆ ಎಂದೋ ಉಪ್ಪುನೀರು ನಿಂತು ಆರಿತ್ತು, ನಮ್ಮ ಆಗರದಂತೆಯೇ.

## ಇನ್ನೂ ಆಳಕ್ಕೆ

ಡಿಎನ್‌ಎ ಇಲ್ಲದೆ ಪ್ರೋಟೀನು ಆಗೋದಿಲ್ಲ, ಪ್ರೋಟೀನು ಇಲ್ಲದೆ ಡಿಎನ್‌ಎ ನಕಲಾಗೋದಿಲ್ಲ. ಬೀಜ ಮೊದಲೋ ಮರ ಮೊದಲೋ?

ಎರಡೂ ಕೆಲಸವನ್ನು ಒಂದೇ ಅಣು ಮಾಡುತ್ತಿತ್ತು ಎಂಬುದು ಈಗಿನ ಬಲವಾದ ಉತ್ತರ. ಆರ್‌ಎನ್‌ಎ ಮಾಹಿತಿಯನ್ನೂ ಹೊರುತ್ತದೆ, ಮಡಚಿಕೊಂಡು ಕಿಣ್ವದಂತೆ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನಿನಂತೆ) ಕೆಲಸವನ್ನೂ ಮಾಡುತ್ತದೆ. ಇದನ್ನು ಕಂಡ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್‌ಗೆ 1989ರಲ್ಲಿ ನೊಬೆಲ್ ಬಂತು. "ಆರ್‌ಎನ್‌ಎ ಲೋಕ" ಎಂಬ ಹೆಸರು ವಾಲ್ಟರ್ ಗಿಲ್ಬರ್ಟ್ 1986ರಲ್ಲಿ ಕೊಟ್ಟದ್ದು. ದೊಡ್ಡ ಸಾಕ್ಷಿ ನಮ್ಮ ಮೈಯಲ್ಲೇ ಇದೆ. ಪ್ರೋಟೀನು ನೇಯುವ ಮಗ್ಗವಾದ ರೈಬೊಸೋಮಿನಲ್ಲಿ ಕೊಂಡಿ ಜೋಡಿಸುವ ನಟ್ಟನಡುವಿನ ಜಾಗ ಆರ್‌ಎನ್‌ಎಯದ್ದು, ಪ್ರೋಟೀನಿನದ್ದಲ್ಲ. ರೈಬೊಸೋಮಿನ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ಆರ್‌ಎನ್‌ಎಯ ಕೊಂಡಿಗಳೇ ತಾನಾಗಿ ಆಗುವುದು ಅಸಾಧ್ಯ ಎಂದು ಬಹಳ ಕಾಲ ಅಂದುಕೊಂಡಿದ್ದರು. 2009ರಲ್ಲಿ ಜಾನ್ ಸದರ್‌ಲ್ಯಾಂಡ್ ಬಳಗ ಬೇರೆ ದಾರಿ ಹಿಡಿದು, ನಾಲ್ಕರಲ್ಲಿ ಎರಡು ಅಕ್ಷರಗಳ ಕೊಂಡಿಯನ್ನು ಸರಳ ರಾಸಾಯನಿಕಗಳಿಂದ ಮಾಡಿ ತೋರಿಸಿತು.

ಎಡಗೈ ಅಣು, ಬಲಗೈ ಅಣು ಅಂದರೇನು? ಜೀವ ಯಾಕೆ ಒಂದೇ ಕೈಯದ್ದನ್ನು ಆರಿಸಿತು?

ದಂಡೆಯಲ್ಲಿ ಸಿಗುವ ಶಂಖಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಕಡೆಗೆ ಸುತ್ತಿರುತ್ತವೆ. ಅದಕ್ಕೇ ಬಲಮುರಿ ಸಿಕ್ಕರೆ ದೇವರ ಮುಂದಿಡುತ್ತೇವೆ. ಗ್ಲೈಸಿನ್ ಬಿಟ್ಟರೆ ಜೀವಿಗಳ ಅಮೈನೋ ಆಮ್ಲಗಳಿಗೂ ಕನ್ನಡಿಯ ಬಿಂಬದಂಥ ಎರಡು ರೂಪಗಳಿವೆ. ಜೀವಿಗಳ ಪ್ರೋಟೀನಿನಲ್ಲಿ ಎಡದ್ದು ಮಾತ್ರ. ಇಂಥ ಎಡ-ಬಲದ ಹರಳುಗಳನ್ನು 1848ರಲ್ಲಿ ಇಕ್ಕಳದಿಂದ ಬೇರೆ ಮಾಡಿದವನೂ ಪಾಶ್ಚರನೇ.

ಕಾರಣ ಇನ್ನೂ ಕೈಗೆ ಬಂದಿಲ್ಲ. ಮರ್ಚಿಸನ್ ಕಲ್ಲಿನಲ್ಲಿ ಕೆಲವು ಎಡದವು ಹೆಚ್ಚಿದ್ದುದರಿಂದ ಈ ಒಲವು ಆಕಾಶದಿಂದಲೇ ಬಂತೆಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಬೆನ್ನುವಿನಲ್ಲಿ ಎಡ-ಬಲ ಸರಿಸುಮಾರು ಸಮವಾಗಿದ್ದವು, ಈಗ ಹಾಗೆ ಹೇಳುವುದಿಲ್ಲ. ಮ್ಯಾಗ್ನೆಟೈಟ್ ಖನಿಜದ ಮೇಲೆ ಹರಳು ಕಟ್ಟಿಸಿದಾಗ, ಆರ್‌ಎನ್‌ಎಗೆ ದಾರಿಯಾಗುವ ಒಂದು ಅಣು ಒಂದೇ ಕೈಯದ್ದಾಗಿ ಬೇರ್ಪಟ್ಟಿತೆಂದು 2023ರಲ್ಲಿ ತೋರಿಸಿದ್ದಾರೆ. ಕಡಲ ಕರಿ ಮರಳಿಗೆ ಅಯಸ್ಕಾಂತ ಹಿಡಿದರೆ ಅಂಟುವ ಕಣಗಳಲ್ಲಿರುವ ಖನಿಜವೇ ಅದು.

ಅಕ್ಕಿ ಎರಚಿದರೆ ರಂಗೋಲಿ ಆಗುತ್ತದೆಯೇ? ಇಷ್ಟೆಲ್ಲ ಆಕಸ್ಮಿಕವಾಗಿ ಹೇಗೆ ಸಾಧ್ಯ?

ಒಂದೇ ಸಲ ಎರಚಿದರೆ ಆಗುವುದಿಲ್ಲ. ಆದರೆ ಯಾರೂ ಹಾಗೆ ಹೇಳುತ್ತಿಲ್ಲ. ಪ್ರತಿಸಲ ಎರಚಿದಾಗಲೂ ಸರಿಯಾಗಿ ಬಿದ್ದ ಕಾಳು ಅಲ್ಲೇ ನಿಂತು, ತಪ್ಪಿದ್ದು ಮಾತ್ರ ಗುಡಿಸಿಹೋದರೆ? 1967ರಲ್ಲಿ ಸಾಲ್ ಸ್ಪೀಗೆಲ್‌ಮನ್ ಬಳಗ ಒಂದು ವೈರಸ್ಸಿನ ಆರ್‌ಎನ್‌ಎಯನ್ನು ಅದನ್ನು ನಕಲು ಮಾಡುವ ಕಿಣ್ವದ ಜೊತೆ ಕೊಳವೆಯಲ್ಲಿಟ್ಟು, ಬೇಗ ನಕಲಾದದ್ದನ್ನು ಒಂದು ಕೊಳವೆಯಿಂದ ಇನ್ನೊಂದಕ್ಕೆ 74 ಸಲ ದಾಟಿಸಿತು. ಕೊನೆಗೆ ಉಳಿದ ಆರ್‌ಎನ್‌ಎ ತನ್ನ ಉದ್ದದಲ್ಲಿ ಶೇಕಡಾ 83ರಷ್ಟು ಕಳಚಿಕೊಂಡು, ಮೊದಲಿಗಿಂತ ಎಷ್ಟೋ ಪಟ್ಟು ವೇಗವಾಗಿ ನಕಲಾಗುತ್ತಿತ್ತು. ಅದು ಜೀವವಲ್ಲ, ಬರೀ ಅಣು. ಅಣುಗಳಿಗೂ ಆಯ್ಕೆ ಅನ್ವಯಿಸುತ್ತದೆ ಎಂಬುದು ಅಲ್ಲಿ ಕಂಡಿತು. ಆದರೆ ಆ ಕಿಣ್ವವನ್ನು ಅವರು ಹೊರಗಿನಿಂದ ಕೊಟ್ಟಿದ್ದರು ಎಂಬುದನ್ನು ಮರೆಮಾಚಬಾರದು.

ವೈರಸ್ಸೇ ಮೊದಲ ಜೀವ ಆಗಿರಬಹುದಲ್ಲ?

ಈಗಿನ ವೈರಸ್ಸಿಗೆ ಹೆಚ್ಚಲು ಇನ್ನೊಬ್ಬರ ಜೀವಕೋಶ ಬೇಕೇ ಬೇಕು. ಬಂದಳಿಕೆ ಮರಕ್ಕಿಂತ ಮೊದಲು ಇರಲಾರದು.

ಲ್ಯಾಬಿನಲ್ಲಿ ಜೀವ ಸೃಷ್ಟಿಸಿಬಿಟ್ಟರು ಅಂತ ಓದಿದೆ.

2016ರಲ್ಲಿ ಕ್ರೇಗ್ ವೆಂಟರ್ ಸಂಸ್ಥೆಯವರು ಬರೀ 473 ಜೀನುಗಳ ಬ್ಯಾಕ್ಟೀರಿಯಾ ಮಾಡಿದ್ದು ನಿಜ. ಜೀನುಗಳನ್ನು ರಾಸಾಯನಿಕವಾಗಿ ಜೋಡಿಸಿದರು, ಹಾಕಿದ್ದು ಮಾತ್ರ ಮೊದಲೇ ಬದುಕಿದ್ದ ಜೀವಕೋಶದೊಳಗೆ. ಅಷ್ಟು ಕಡಿಮೆ ಜೀನಿನಲ್ಲೂ 149ರ ಕೆಲಸ ಏನೆಂದು ಅವರಿಗಾಗ ತಿಳಿದಿರಲಿಲ್ಲ.

ಇದನ್ನೆಲ್ಲ ಒಪ್ಪಿದರೆ ದೇವರಿಲ್ಲ ಅಂದ ಹಾಗಾಗುವುದಿಲ್ಲವೇ?

ನಾನು ದಿನಾ ಮುಸ್ಸಂಜೆ ದೀಪ ಹಚ್ಚುವವಳು, ಈ ಪಾಠ ಮಾಡಿದವಳೂ ನಾನೇ. ಅಣುಗಳು ಹೇಗೆ ಕೂಡಿದವು ಎಂಬುದಕ್ಕೆ ಪ್ರಯೋಗದಿಂದ ಉತ್ತರ ಹುಡುಕಬೇಕು. ಯಾಕೆ ಇದೆಲ್ಲ ಇದೆ ಎಂಬುದು ಬೇರೆಯೇ ಪ್ರಶ್ನೆ. ಆದರೆ ಒಂದು ವಿನಂತಿ: ವಿಜ್ಞಾನಕ್ಕೆ ಇನ್ನೂ ತಿಳಿಯದ ಸಂದಿಯಲ್ಲಿ ದೇವರನ್ನು ಕೂರಿಸಬೇಡಿ. ಆ ಸಂದಿ ನಾಳೆ ಮುಚ್ಚಿದರೆ ನೋವಾಗುವುದು ನಿಮಗೇ.

ನನ್ನ ಮಗಳಿಗೆ ಇದನ್ನೇ ಓದಬೇಕಂತೆ. ನಮ್ಮ ದೇಶದಲ್ಲಿ ಇದಕ್ಕೆ ದಾರಿ ಇದೆಯೇ?

ಇದೆ. ಪುಣೆಯ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಯಾದ ಐಸರ್‌ನಲ್ಲಿ ಸುಧಾ ರಾಜಮಣಿಯವರ ಪ್ರಯೋಗಾಲಯ ಆದಿಯ ಪೊರೆ, ಆರ್‌ಎನ್‌ಎ, ಒಣಗುವ-ತೋಯುವ ಹೊಂಡ ಇವುಗಳ ಮೇಲೇ ಕೆಲಸ ಮಾಡುತ್ತದೆ. ಪಿಯುಸಿಯಲ್ಲಿ ರಸಾಯನಶಾಸ್ತ್ರವನ್ನು ಬರೀ ಪರೀಕ್ಷೆಗೆಂದು ಓದಿ ಬಿಡದಿರಲಿ, ಈ ವಿಷಯದ ಬೆನ್ನುಮೂಳೆ ಅದೇ. ಆಮೇಲೆ ಜೀವಶಾಸ್ತ್ರವೋ ಭೂವಿಜ್ಞಾನವೋ, ಯಾವ ಬಾಗಿಲಿನಿಂದ ಹೋದರೂ ಸರಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಬೇಸಿಗೆಯಲ್ಲಿ ಎರಡು ಬಾವಿಯ ನೀರು, ಒಂದು ಚೂರು ಸಾಬೂನು, ಮುಚ್ಚಳವಿರುವ ಎರಡು ಬಾಟಲಿ ಕೊಡಿ. ಕುಲುಕಿದ ಮೇಲೆ ಕಂಡದ್ದನ್ನು ತಾರೀಖು ಹಾಕಿ ಬರೆದಿಡಲಿ.